ಸಿದ್ಧ ಆಹಾರ ಮತ್ತು ಶ್ರಾವಕನ ವಿವೇಕ

ಶ್ರಾವಕಾಚಾರದಲ್ಲಿ ಆಹಾರಕ್ಕೆ ದೊರೆತಿರುವ ಸ್ಥಾನ ಹಿರಿದು. ಮದ್ಯ, ಮಾಂಸ, ಮಧುಗಳ ತ್ಯಾಗದಿಂದಲೇ ಗೃಹಸ್ಥನ ಮೂಲಗುಣಗಳು ಮೊದಲಾಗುತ್ತವೆ. ಪಂಚ ಉದುಂಬರ ಫಲಗಳ ವರ್ಜನೆ, ಕಂದಮೂಲಗಳ ತ್ಯಾಗ, ಸೋಸಿದ ನೀರಿನ ಬಳಕೆ, ಸೂರ್ಯಾಸ್ತಕ್ಕೆ ಮುನ್ನ ಭೋಜನ ಇವೆಲ್ಲವೂ ಒಂದೇ ಅಹಿಂಸಾತತ್ತ್ವದ ಕವಲುಗಳು. ಈ ನಿಯಮಗಳು ರೂಢಿಗೆ ಬಂದ ಕಾಲದಲ್ಲಿ ಧಾನ್ಯವನ್ನು ಆರಿಸುವವರು, ಬೀಸುವವರು, ಬೇಯಿಸುವವರು, ಉಣ್ಣುವವರು ಬಹುಮಟ್ಟಿಗೆ ಒಂದೇ ಸೂರಿನಡಿಯಲ್ಲಿದ್ದರು. ತಟ್ಟೆಗೆ ಬಂದ ವಸ್ತುವಿನ ಪೂರ್ವವೃತ್ತಾಂತ ಮನೆಯವರಿಗೆಲ್ಲ ತಿಳಿದಿರುತ್ತಿತ್ತು.

ಇಂದಿನ ಸ್ಥಿತಿ ಬೇರೆ. ಪತಿಪತ್ನಿಯರಿಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳಿವೆ. ವಿದ್ಯಾಭ್ಯಾಸಕ್ಕಾಗಿ ಪರಸ್ಥಳದ ವಿದ್ಯಾರ್ಥಿನಿಲಯಗಳಲ್ಲಿ ನೆಲೆಸಿರುವ ಮಕ್ಕಳಿದ್ದಾರೆ. ಬೆಂಗಳೂರಿನಲ್ಲಿ ಜುಲೈ ತಿಂಗಳ ಆರಂಭದಲ್ಲಿ ಸಂಜೆ 6-50ರ ಸುಮಾರಿಗೆ ಸೂರ್ಯಾಸ್ತವಾದರೆ, ನವೆಂಬರಿನಲ್ಲಿ 5-50ರ ಸುಮಾರಿಗೇ ಆಗುತ್ತದೆ. ಆರು ಗಂಟೆಗೆ ಕಚೇರಿ ಬಿಡುವ ಯುವಕನು ಚಳಿಗಾಲದಲ್ಲಿ ಮನೆಗೆ ಬಂದು ಹಗಲಿನಲ್ಲಿ ಉಣ್ಣುವುದು ಸಾಧ್ಯವೇ ಇಲ್ಲ. ಆದ್ದರಿಂದ ಬೇಗನೆ ದೊರೆಯುವ, ಕೈಯಲ್ಲಿ ಒಯ್ಯಬಹುದಾದ, ವ್ರತಕ್ಕೆ ಭಂಗ ತಾರದ ಆಹಾರವನ್ನು ಹುಡುಕುವುದು ಅವನಿಗೆ ಭೋಗಾಪೇಕ್ಷೆಯಲ್ಲ, ಅಗತ್ಯ. ಹೀಗೆ ಹುಡುಕಿ ಪಡೆದ ಸಿದ್ಧ ಆಹಾರದಿಂದ ಸಂಯಮದ ಉದ್ದೇಶ ನೆರವೇರುತ್ತದೆಯೇ ಎಂಬುದು ವಿಚಾರಣೀಯ.

ಮಾರುಕಟ್ಟೆ ಈ ಅಗತ್ಯವನ್ನು ಚೆನ್ನಾಗಿ ಅರಿತಿದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಲ್ಲದ ಪೊಟ್ಟಣಗಳ ಮೇಲೆ ‘ಜೈನ್’ ಎಂಬ ಪದ ಅಚ್ಚಾಗುತ್ತಿದೆ. ಗುಜರಾತಿನ ಖಾಖ್ರಾ ಕರ್ನಾಟಕದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ವಿಮಾನಯಾನದಲ್ಲಿ ‘ವಿ.ಜೆ.ಎಂ.ಎಲ್.’ ಎಂಬ ಸಂಕೇತಾಕ್ಷರಗಳಿಂದ ಜೈನ ಭೋಜನವನ್ನು ಮುಂಚಿತವಾಗಿ ಕೇಳಿ ಪಡೆಯಬಹುದು. ಇವು ಉಪಕಾರಕವಾದ ಸೌಲಭ್ಯಗಳೇ. ಆದರೆ ಪೊಟ್ಟಣದ ಮೇಲಿನ ಗುರುತನ್ನು ನಂಬಿ ವಿಚಾರವನ್ನು ಕೈಬಿಡುವುದು ಸಲ್ಲದು.

ಭಾರತದಲ್ಲಿ ಪೊಟ್ಟಣದ ಆಹಾರಕ್ಕೆ ಸಸ್ಯಾಹಾರ ಮಾಂಸಾಹಾರಗಳ ಗುರುತು 2001–02ರ ಅವಧಿಯಲ್ಲಿ ಕಡ್ಡಾಯವಾಯಿತು. ಹಸಿರು ಗುರುತು ಸರ್ಕಾರದ ವ್ಯಾಖ್ಯೆಯನ್ನು ಅನುಸರಿಸುತ್ತದೆಯೇ ಹೊರತು ಶ್ರಾವಕಾಚಾರವನ್ನಲ್ಲ. ಆ ವ್ಯಾಖ್ಯೆಯಂತೆ ಜೇನುತುಪ್ಪ, ಜೇನುಮೇಣ ಮತ್ತು ಅರಗು ಮಾಂಸಾಹಾರದಲ್ಲಿ ಸೇರುವುದಿಲ್ಲ. ಮೂರು ಮಕಾರಗಳಲ್ಲಿ ಒಂದಾದ ಮಧುವು ಹಸಿರು ಗುರುತಿನ ಅಡಿಯಲ್ಲಿಯೇ ಮನೆಯನ್ನು ಪ್ರವೇಶಿಸಬಲ್ಲದು! ಘಟಕಗಳ ಪಟ್ಟಿಯಲ್ಲಿ 901 ಎಂದರೆ ಜೇನುಮೇಣ, 904 ಎಂದರೆ ಅರಗು. ಮಿಠಾಯಿಗಳ ಹೊಳಪಿಗಾಗಿ ಇವನ್ನು ಬಳಸುವುದುಂಟು. ಕಂದಮೂಲಗಳ ವಿಷಯದಲ್ಲಂತೂ ಹಸಿರು ಗುರುತು ಏನನ್ನೂ ಹೇಳುವುದಿಲ್ಲ. ಪಟ್ಟಿಯನ್ನು ಓದುವ ಶ್ರಮವನ್ನು ಶ್ರಾವಕನೇ ವಹಿಸಬೇಕು. ಪ್ರಮತ್ತಯೋಗದಿಂದ ಆಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸಿದೆ. ಅನುಕೂಲತೆಯು ಸ್ವತಃ ದೋಷವಲ್ಲ; ಅದು ಪ್ರಮಾದಕ್ಕೆ ಎಡೆಗೊಟ್ಟಾಗ ದೋಷವಾಗುತ್ತದೆ.

ಕಾಲಮರ್ಯಾದೆಯ ಪ್ರಶ್ನೆಯೂ ಇದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ದಿಗಂಬರ ಪರಂಪರೆ ಪಾಲಿಸುತ್ತ ಬಂದಿದೆ. ತಿಂಗಳುಗಟ್ಟಲೆ ಇಡುವ ಸಿದ್ಧ ಹಿಟ್ಟುಗಳು ಈ ಅಳತೆಗೆ ಒಳಪಡುವುದಿಲ್ಲ. ಪ್ರತಿಮಾಧಾರಿಯಾದ ವ್ರತಿಗೆ ಇಲ್ಲಿ ಸಂದೇಹವೇ ಇಲ್ಲ. ಅವು ಅವನಿಗೆ ತ್ಯಾಜ್ಯ. ಆದರೆ ಪಂಡಿತ ಆಶಾಧರರು ಶ್ರಾವಕರನ್ನು ಪಾಕ್ಷಿಕ, ನೈಷ್ಠಿಕ, ಸಾಧಕರೆಂದು ವಿಭಾಗಿಸಿದ್ದಾರೆ. ಧರ್ಮದ ಪಕ್ಷವನ್ನು ಹಿಡಿದು ಈಗತಾನೆ ಹೆಜ್ಜೆಯಿಡುತ್ತಿರುವವನಿಂದ ಕೊನೆಯ ಮೆಟ್ಟಿಲಿನ ಆಚರಣೆಯನ್ನು ಕೇಳಿದರೆ ಅವನು ಮೊದಲ ಮೆಟ್ಟಿಲನ್ನೂ ತೊರೆಯುವ ಸಂಭವವಿದೆ. ಎಲ್ಲವನ್ನೂ ಪಾಲಿಸಲಾರೆನೆಂದು ಯಾವುದನ್ನೂ ಪಾಲಿಸದೆ ಬಿಟ್ಟ ತರುಣರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರನ್ನು ಕಳೆದುಕೊಳ್ಳುವುದು ಸಮಾಜಕ್ಕೆ ಸಣ್ಣ ನಷ್ಟವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ರುಚಿಯ ಅನುಕರಣೆಯದು. ಜನ್ನಕವಿಯ ‘ಯಶೋಧರಚರಿತೆ’ಯು (1209) ಕನ್ನಡ ಜೈನರಿಗೆ ಚಿರಪರಿಚಿತ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ನಿಜವಾದ ಕೋಳಿಯನ್ನು ಕೊಂದಿರಲಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗನಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಸೋಯಾದಿಂದ ಮಾಡಿ ಮಾಂಸದ ಆಕಾರ, ನಾರು, ವಾಸನೆಗಳನ್ನು ಕೊಟ್ಟು, ಹಸಿರು ಗುರುತಿನೊಡನೆ ಮಾರುವ ತಿನಿಸುಗಳನ್ನು ಕಂಡಾಗ ಈ ಕಥೆ ನೆನಪಾಗದಿರದು. ಹುಟ್ಟಿನಿಂದ ಮಾಂಸವನ್ನೇ ತಿನ್ನುತ್ತ ಬಂದವನಿಗೆ ಅಂತಹ ತಿನಿಸು ಮಾಂಸವನ್ನು ಬಿಡುವ ಏಣಿಯಾಗಬಹುದು. ಅವನ ಪಾಲಿಗೆ ಅದು ಶ್ಲಾಘ್ಯವೇ. ಮಾಂಸದ ರುಚಿಯನ್ನೇ ಅರಿಯದ ಶ್ರಾವಕನ ಮಗುವಿಗಾದರೋ ಅದೇ ವಸ್ತು ಇಲ್ಲದ ಆಸೆಯೊಂದನ್ನು ಕಲಿಸಿಕೊಟ್ಟೀತು. ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಮಾಡಿದ ನಿರ್ಣಯ.

ಹಾಗೆಂದು ಎಲ್ಲ ಬದಲಿ ಪದಾರ್ಥಗಳನ್ನೂ ಹಿಟ್ಟಿನ ಕೋಳಿಯೊಡನೆ ಸಮೀಕರಿಸುವುದು ನ್ಯಾಯವಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿಯನ್ನು ಹಾಕಿದ ಪಲ್ಯದಲ್ಲಿ ಕೊಲ್ಲುವ ಸಂಕಲ್ಪವೂ ಇಲ್ಲ, ಅದರ ನಟನೆಯೂ ಇಲ್ಲ. ಅನಂತಕಾಯವನ್ನು ಉಳಿಸುವ ಸರಳ ಉಪಾಯವದು. ಯಾವುದರ ರುಚಿಯನ್ನು ಹಂಬಲಿಸಿ ಈ ಬದಲಿಯನ್ನು ಹುಡುಕಲಾಗಿದೆ ಎಂದು ಕೇಳಿಕೊಂಡರೆ ಎರಡರ ಅಂತರ ಸ್ಪಷ್ಟವಾಗುತ್ತದೆ.

ಸಿದ್ಧ ಆಹಾರವನ್ನು ಖಂಡಿಸುವವರು ಮರೆಯುವ ಇನ್ನೊಂದು ಸಂಗತಿಯುಂಟು. ಶುದ್ಧವಾದ ಅಡುಗೆಮನೆಯ ಭಾರ ಬಹುತೇಕ ಒಬ್ಬ ಗೃಹಿಣಿಯ ಹೆಗಲ ಮೇಲಿರುತ್ತದೆ. ನೀರು ಸೋಸುವುದು, ಕಾಳು ಆರಿಸುವುದು, ಮರ್ಯಾದೆಯ ದಿನಗಳನ್ನು ಎಣಿಸುವುದು, ಹೊತ್ತು ಮುಳುಗುವ ಮುನ್ನ ಬಿಸಿ ಅಡುಗೆ ಸಿದ್ಧಪಡಿಸುವುದು ಎಲ್ಲವೂ ಅವಳ ಪಾಲು. ನಿಯಮಪಾಲನೆಯ ಕೀರ್ತಿ ಮನೆಯವರೆಲ್ಲರ ಪಾಲು. ಅವಳೂ ಉದ್ಯೋಗಸ್ಥೆಯಾಗಿದ್ದರೆ ಆಯಾಸಕ್ಕೆ ಮಿತಿಯೇ ಇರದು. ಏಕೇಂದ್ರಿಯ ಜೀವಗಳಿಗಾಗಿ ಮರುಗುವ ಕುಟುಂಬವು ಪಂಚೇಂದ್ರಿಯಜೀವಿಯಾದ ಅವಳ ದಣಿವನ್ನು ಕಾಣದಿದ್ದರೆ ಆ ದಯೆ ಅಪೂರ್ಣ. ಅವಳ ಹೊರೆಯನ್ನು ಇಳಿಸುವ ನಿರ್ದೋಷ ಅನುಕೂಲವನ್ನು ಧರ್ಮಕ್ಕೆ ವಿರೋಧಿಯೆನ್ನಲಾಗದು. ಮನೆಯ ಗಂಡಸರು ಕಾಳು ಆರಿಸಲು ಕುಳಿತರೆ ಅದು ಇನ್ನೂ ಉತ್ತಮ.

ಕರ್ನಾಟಕದ ಮನೆಗಳಿಗೆ ಬೇಗನೆ ಸಿದ್ಧವಾಗುವ ಆಹಾರ ಹೊಸದೇನಲ್ಲ. ಅವಲಕ್ಕಿ, ಅರಳು, ಮಂಡಕ್ಕಿ, ಹುರಿಗಡಲೆ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು ಇವುಗಳಿಗೆ ಹೆಚ್ಚಿನ ಬೆಂಕಿಯೂ ಬೇಡ, ಸಂಶಯಾಸ್ಪದ ಘಟಕವೂ ಇಲ್ಲ. ಆದರೆ ಇಲ್ಲಿಯೂ ಎಚ್ಚರ ಬೇಕು. ಮೊಸರವಲಕ್ಕಿಗೆ ಹುರಿಗಡಲೆಯ ಪುಡಿ ಬೆರೆಸಿದರೆ ದ್ವಿದಳದೋಷ ಬರುತ್ತದೆ. ಅವಲಕ್ಕಿಯ ಒಂದು ಡಬ್ಬಿಯನ್ನು ಕಚೇರಿಯಲ್ಲಿಯೇ ಐದೂವರೆಗೆ ತೆರೆದು ಉಂಡವನ ರಾತ್ರಿಭೋಜನತ್ಯಾಗವು ನವೆಂಬರಿನಲ್ಲಿಯೂ ಉಳಿಯುತ್ತದೆ. ಸಹೋದ್ಯೋಗಿಗಳು ಬಿಸಿಬಿಸಿ ತಿಂಡಿ ತರಿಸಿಕೊಳ್ಳುವಾಗ ತಣ್ಣನೆಯ ಅವಲಕ್ಕಿಯಿಂದ ತೃಪ್ತನಾಗುವುದರಲ್ಲಿ ಒಂದು ಸಣ್ಣ ತಪಸ್ಸೂ ಅಡಗಿದೆ. ಪ್ರತಿದಿನವೂ ಸಾಧ್ಯವಾಗದವನು ವಾರದಲ್ಲಿ ಇಷ್ಟು ದಿನವೆಂದು, ಅಥವಾ ಚಾತುರ್ಮಾಸಕ್ಕೆ ಮಾತ್ರವೆಂದು ಗೊತ್ತುಮಾಡಿಕೊಳ್ಳಲಿ. ಸಮಂತಭದ್ರಾಚಾರ್ಯರು ಯಾವಜ್ಜೀವ ತ್ಯಾಗವನ್ನು ಯಮವೆಂದೂ, ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ ಹೇಳಿ, ಎರಡಕ್ಕೂ ಭೋಗೋಪಭೋಗಪರಿಮಾಣದಲ್ಲಿ ಎಡೆಕೊಟ್ಟಿರುವುದು ಸಾಮಾನ್ಯ ಗೃಹಸ್ಥನ ಪಾಲಿಗೆ ದೊಡ್ಡ ಆಸರೆ.

ಬಸದಿಗಳ ಆಡಳಿತ ಮಂಡಳಿಗಳೂ ವಿದ್ಯಾರ್ಥಿನಿಲಯಗಳ ವ್ಯವಸ್ಥಾಪಕರೂ ಈ ದಿಸೆಯಲ್ಲಿ ಯೋಚಿಸಬೇಕಾಗಿದೆ. ಸಂಜೆಯ ಊಟವನ್ನು ಸೂರ್ಯಾಸ್ತಕ್ಕೆ ಮೊದಲೇ ಡಬ್ಬಿಯಲ್ಲಿ ಒದಗಿಸುವುದು, ಮನೆಯಲ್ಲಿ ಬೀಸಿದ ಹಿಟ್ಟನ್ನೂ ಒಣ ತಿನಿಸುಗಳನ್ನೂ ತಯಾರಿಸಿದ ದಿನಾಂಕವನ್ನು ನಮೂದಿಸಿ ಹಂಚುವುದು, ಪೊಟ್ಟಣದ ಘಟಕಗಳನ್ನು ಓದುವ ಕ್ರಮವನ್ನು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುವುದು ಇವು ಹೆಚ್ಚಿನ ವೆಚ್ಚವಿಲ್ಲದೆ ಆಗಬಹುದಾದ ಕಾರ್ಯಗಳು. ಆಹಾರದಾನವು ಚತುರ್ವಿಧ ದಾನಗಳಲ್ಲಿ ಒಂದು. ಪರವೂರಿನಲ್ಲಿ ಓದುವ ಬಾಲಕನು ತನ್ನ ನಿಯಮವನ್ನು ಬಿಡದೆ ಒಂದು ಹೊತ್ತು ಹೊಟ್ಟೆತುಂಬ ಉಣ್ಣುವಂತೆ ಮಾಡಿದವರಿಗೆ ಆ ದಾನದ ಪುಣ್ಯವೂ, ಒಬ್ಬ ಸಾಧರ್ಮಿಯನ್ನು ಮಾರ್ಗದಲ್ಲಿ ನಿಲ್ಲಿಸಿದ ಸ್ಥಿತಿಕರಣದ ಪುಣ್ಯವೂ ದೊರೆಯುತ್ತದೆ.