ಗೊತ್ತಿಲ್ಲ ಎಂಬ ಉತ್ತರ

ತನಗೆ ತಿಳಿಯದ ವಿಷಯದಲ್ಲಿ ತಿಳಿದವನಂತೆ ಉತ್ತರ ಕೊಡುವವನನ್ನು ಸುಳ್ಳುಗಾರನೆನ್ನಬಹುದೇ? ಕಳೆದ ಮಳೆಗಾಲದಲ್ಲಿ ಮನೆಯ ಕಂಪ್ಯೂಟರ್ ಕೆಟ್ಟಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ.

ನಮ್ಮ ತಂದೆಯವರು ಗದಗಿನ ಕಡೆ ಶಾಲಾ ಮಾಸ್ತರರಾಗಿದ್ದರು. ನಿವೃತ್ತರಾಗಿ ಡೊಂಬಿವಲಿಗೆ ನಮ್ಮ ಹತ್ತಿರ ಬಂದ ಮೇಲೆ, ಬೇಸರ ಕಳೆಯಲೆಂದು 'ನುಡಿ'ಯಲ್ಲಿ ಟೈಪು ಮಾಡುವುದನ್ನು ಕಲಿತು, ತಮ್ಮ ಬಾಲ್ಯ, ಊರಿನ ಬರಗಾಲ, ಅಜ್ಜಿಯ ಮಾತುಗಳು ಎಲ್ಲವನ್ನೂ ಅರವತ್ತು ಪುಟಗಳಷ್ಟು ಬರೆದಿಟ್ಟರು. 2016ರಲ್ಲಿ ತೀರಿಕೊಂಡರು. ಅದನ್ನು ಕಾಗದದ ಮೇಲೆ ಇಳಿಸಬೇಕೆಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದೆವು. ಸರಕಾರಿ ಗುಮಾಸ್ತನ ಮನೆಯಲ್ಲಿಯೂ ಫೈಲುಗಳು ಹೀಗೆಯೇ ಬಿದ್ದಿರುತ್ತವೆ.

ಕಂಪ್ಯೂಟರ್ ರಿಪೇರಿಯಾಗಿ ಬಂತು. ತಂದೆಯವರ ಕಡತ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಪುಟದ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ನಡುನಡುವೆ ಪೌಂಡಿನ ಚಿಹ್ನೆ.

ರಿಪೇರಿ ಮಾಡಿದವರ ಸಹಾಯವಾಣಿಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು, 'ಬಂದ್ ಮಾಡಿ ಮತ್ತೆ ಚಾಲೂ ಮಾಡಿ' ಎಂದರು. ಮಾಡಿದೆ. ಮರುದಿನ ಸಿಕ್ಕವರು ವೈರಸ್ ಎಂದರು. ಮೂರನೆಯವರು ದೂರದಿಂದಲೇ ನನ್ನ ಪರದೆಯನ್ನು ನೋಡಿ, 'ಫೈಲು ಕೆಟ್ಟುಹೋಗಿದೆ ಸರ್, ಅಳಿಸಿಬಿಡಿ, ಫಾರ್ಮ್ಯಾಟ್ ಮಾಡೋಣ' ಎಂದರು. ಮೂವರ ದನಿಯಲ್ಲಿಯೂ ಎಳ್ಳಷ್ಟು ಸಂಶಯವಿರಲಿಲ್ಲ. ಅಳಿಸುವ ಗುಂಡಿಯ ಮೇಲೆ ನಾನು ಬೆರಳಿಟ್ಟಿದ್ದೆ. 'ಅದು ಅಜ್ಜಾ ಬರದದ್ದು, ಅಳಿಸಬ್ಯಾಡ ಪಪ್ಪಾ' ಎಂದು ಮಗಳು ತಡೆದಳು. ಅದೇ ಸಂಜೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?

ಕೊನೆಗೆ ದಾರಿ ತೋರಿಸಿದವರು ನಮ್ಮ ಸಂಘದ ಪತ್ರಿಕೆಗೆ ಅಕ್ಷರ ಜೋಡಿಸಿಕೊಡುವ ಹಿರಿಯರು. ಅವರ ಮೊದಲ ಮಾತೇ 'ನೋಡದೆ ಏನೂ ಹೇಳಲಾರೆ' ಎಂಬುದು. ನೋಡಿ ನಕ್ಕರು. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವುದು ಅಂಕೆಗಳಾಗಿ. ಹಳೆಯ ನುಡಿಯಲ್ಲಿ, ಯುರೋಪಿನ ಅಕ್ಷರಗಳಿಗೆ ಸೇರಿದ ಅಂಕೆಗಳಿಗೇ ಕನ್ನಡದ ರೂಪಗಳನ್ನು ತೊಡಿಸಿದ್ದರು. ನಕಾರ ಕುಳಿತದ್ದು ಪೌಂಡ್ ಚಿಹ್ನೆಯ ಜಾಗದಲ್ಲಿ. ಆ ಫಾಂಟು ಯಂತ್ರದಲ್ಲಿ ಇಲ್ಲದಿದ್ದರೆ ಮೇಲಿನ ಅಂಗಿ ಕಳಚಿ ಒಳಗಿನದು ಕಾಣುತ್ತದೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಅಂಕೆಗಳು ದೊರೆತಿದ್ದರೂ ನಮ್ಮಲ್ಲಿ ಹಳೆಯ ಪದ್ಧತಿ ಬಹುಕಾಲ ನಡೆಯಿತು. ರಿಪೇರಿಯವರು ಯಂತ್ರವನ್ನು ಹೊಸದಾಗಿ ಸಜ್ಜುಗೊಳಿಸುವಾಗ ಫಾಂಟು ಹೋಗಿತ್ತು, ಅಷ್ಟೇ. ಹಿರಿಯರು ಅದನ್ನು ಹಾಕಿದರು. ಐದು ನಿಮಿಷದಲ್ಲಿ ತಂದೆಯವರ ಮೊದಲ ಸಾಲು ಪರದೆಯ ಮೇಲೆ ಮೂಡಿತು.

ಆ ಮೂವರನ್ನು ದೂಷಿಸುವುದು ಸುಲಭ. ಕನ್ನಡ ಅಕ್ಷರಗಳ ಈ ಕಥೆ ಅವರಿಗೇಕೆ ತಿಳಿದಿರಬೇಕು? ತಿಳಿಯದಿರುವುದು ತಪ್ಪಲ್ಲ. ಅವರ ಮುಂದೆ ಬರೆದಿಟ್ಟ ಪ್ರಶ್ನೋತ್ತರಗಳ ಪಟ್ಟಿಯಿರುತ್ತದೆ, ದಿನಕ್ಕೆ ಇಂತಿಷ್ಟು ಕರೆ ಮುಗಿಸಬೇಕೆಂಬ ಲೆಕ್ಕವಿರುತ್ತದೆ. ಆ ಪಟ್ಟಿಯಲ್ಲಿ 'ನನಗೆ ಗೊತ್ತಿಲ್ಲ' ಎಂಬ ಸಾಲಿಗೆ ಸ್ಥಳವಿರಲಿಕ್ಕಿಲ್ಲ. ಹಾಗೆಂದು ಅವರನ್ನು ಪೂರ್ತಿ ಬಿಟ್ಟುಬಿಡುವುದೂ ನ್ಯಾಯವೆನಿಸದು. ಗೊತ್ತಿಲ್ಲವೆಂದಿದ್ದರೆ ನಾನು ಆ ದಿನವೇ ಬೇರೆಯವರನ್ನು ಕೇಳುತ್ತಿದ್ದೆ. ಕೆಟ್ಟಿದೆ ಎಂದದ್ದರಿಂದ ಹುಡುಕುವುದನ್ನೇ ನಿಲ್ಲಿಸಿದೆ. ಅಜ್ಞಾನ ಹೇಳಿದವನಲ್ಲಿಯೇ ಉಳಿದಿದ್ದರೆ ಹಾನಿಯಿರಲಿಲ್ಲ, ಅದು ನನ್ನ ನಂಬಿಕೆಯಾಗಿ ನನ್ನ ಬೆರಳ ತುದಿಗೆ ಬಂದಿತ್ತು. ಬಿ.ಎಸ್ಸಿ. ಓದುವಾಗ ನಮ್ಮ ಗುರುಗಳು, ಕಂಡ ರೀಡಿಂಗನ್ನು ಬರೆಯಿರಿ, ಬರಬೇಕಾದ ಉತ್ತರವನ್ನಲ್ಲ ಎಂದು ಗದರಿಸುತ್ತಿದ್ದರು. ನಾವೋ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದೆವು, ಆ ಮಾತು ಬೇರೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ನಾನೂ ಕೌಂಟರಿನ ಆಚೆ ಕುಳಿತವನೇ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕು. 2014ರಿಂದ ಯಂತ್ರದ ಮೇಲೆ ಬೆರಳೊತ್ತಿಯೂ ಕೊಡಬಹುದಾಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಮರಾಠಿ ವೃದ್ಧೆ ಬಂದಿದ್ದರು. ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಏಕೆಂದು ನನಗೆ ತಿಳಿಯಲಿಲ್ಲ. ಅವರ ಹಿಂದೆ ಸಾಲು ಉದ್ದವಿತ್ತು. 'ಸರ್ವರ್ ಡೌನ್ ಇದೆ ಆಜೀ, ನಾಳೆ ಬನ್ನಿ' ಎಂದೆ. ಸಹಾಯವಾಣಿಯ ಮೂವರಿಗೆ ಏನೂ ಗೊತ್ತಿರಲಿಲ್ಲ; ನನಗೆ ಸರ್ವರ್ ಸರಿಯಿದೆಯೆಂದು ಗೊತ್ತಿತ್ತು.

ಆಕೆ ಮರುದಿನ ಬಂದರು, ಅದರ ಮರುದಿನವೂ ಬಂದರು. ನಾಲ್ಕನೆಯ ದಿನ ಪಕ್ಕದ ಮೇಜಿನ ನನ್ನ ಸಹೋದ್ಯೋಗಿ ನೋಡಿ, ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಕಾಗದದ ಮೇಲೆಯೇ ಬರೆದುಕೊಡಬಹುದೆಂದು ಹೇಳಿ ಫಾರ್ಮು ತುಂಬಿಸಿದರು. ಹೋಗುವಾಗ ಆಕೆ ನನ್ನ ಕಡೆ ತಿರುಗಿ, 'ನಿನಗೂ ತೊಂದರೆಯಾಯಿತು ಮಗಾ, ಸರ್ವರ್ ಕೆಟ್ಟರೆ ನೀನಾದರೂ ಏನು ಮಾಡುತ್ತೀ' ಎಂದು ಕೈಮುಗಿದರು. ನಾನೂ ಕೈಮುಗಿದೆ. ಸರ್ವರಿನ ಮಾತು ಸುಳ್ಳೆಂದು ಆಗಲೂ ಹೇಳಲಿಲ್ಲ.