ನಿಂತ ಲಾರಿಯೂ ಉಳಿದ ಋಣವೂ



ಇಪ್ಪತ್ತು ಮೂವತ್ತು ವರ್ಷಗಳಿಂದ ಹಿತ್ತಲಲ್ಲಿ ನಿಂತಲ್ಲೇ ನಿಂತಿರುವ ಲಾರಿಯನ್ನು ಮತ್ತೆ ಓಡುವಂತೆ ಮಾಡುವುದು ಒಳ್ಳೆಯ ಕೆಲಸವೇ? ಅಥವಾ ಅದು ಕೈಯಲ್ಲಿ ನಾಲ್ಕು ಕಾಸು ಓಡಾಡುವವರ ಹಟವೇ? ಕುಟುಂಬದ ಪುಟದಲ್ಲಿ ಗ್ಯಾರೇಜಿನ ಮಾತೇಕೆ ಎಂದು ನೀವು ಕೇಳಬಹುದು. ಆದರೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ: ನಮ್ಮನ್ನು ಸಾಕಿದ್ದಕ್ಕೆ ನಾವು ಸಲ್ಲಿಸಬೇಕಾದದ್ದು ಏನು, ಯಾರಿಗೆ? ಈ ಪ್ರಶ್ನೆ ಲಾರಿ ಇಲ್ಲದ ಮನೆಯಲ್ಲೂ ಏಳುತ್ತದೆ.

ನಮ್ಮ ಹಿರಿಯರು ‘ಟಾಟಾ ಬೆಂಜ್’ ಎಂದು ಕರೆಯುತ್ತಿದ್ದ ಲಾರಿಯನ್ನೇ ತೆಗೆದುಕೊಳ್ಳೋಣ. ರೈಲು ಇಂಜಿನ್ ತಯಾರಿಸಲೆಂದು 1945ರಲ್ಲಿ ಹುಟ್ಟಿದ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಒಪ್ಪಂದ 15 ವರ್ಷ ನಡೆದು 1969ರಲ್ಲಿ ಮುಗಿಯಿತು. ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಮಂಗಳೂರಿನ ಹೆಂಚು, ಮಲೆನಾಡಿನ ಅಡಿಕೆ, ಕಾಫಿ, ನಾಟ ಘಟ್ಟ ಹತ್ತಿ ಇಳಿದದ್ದು ಇಂಥ ಲಾರಿಗಳ ಬೆನ್ನ ಮೇಲೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು, ಹೆಣ್ಣುಮಕ್ಕಳ ಮದುವೆ, ತಲೆಯ ಮೇಲಿನ ಸೂರು ಎಲ್ಲವೂ ಅದರ ದುಡಿಮೆಯೇ.

ಅವಸರ ಸಲ್ಲದು

ದಶಕಗಳ ಕಾಲ ನಿಂತ ಡೀಸೆಲ್ ಇಂಜಿನ್ನನ್ನು ಎಬ್ಬಿಸುವುದು ಹೇಗೆಂದು ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕೇಳಿ ನೋಡಿ. ಅವರು ಮೊದಲು ಹೇಳುವುದು ‘ಸೆಲ್ಫ್ ಹೊಡೆಯಬೇಡಿ’ ಎಂದು. ಒಳಗೆ ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಹೊಸ ಬ್ಯಾಟರಿ ಕಟ್ಟಿ ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯಬಹುದು, ರಾಡು ಬಾಗಬಹುದು. ಆದ್ದರಿಂದ ನಾಝಲ್ ಬಿಚ್ಚಿ ಆ ತೂತಿನಿಂದ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡುತ್ತಾರೆ. ಆಮೇಲೆ ಕೈಯಿಂದ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮೆಲ್ಲಗೆ ಅಲುಗಿಸುತ್ತಾರೆ.

ಟ್ಯಾಂಕಿನ ತಳದಲ್ಲಿ ಹಳೆಯ ಡೀಸೆಲ್ ಅಂಟಾಗಿ, ನೀರು, ತುಕ್ಕಿನೊಂದಿಗೆ ಬೆರೆತು ಕುಳಿತಿರುತ್ತದೆ. ಅದನ್ನು ತೊಳೆಯದೆ ಹೊಸ ಡೀಸೆಲ್ ಸುರಿದರೆ ಕೊಳೆ ಪಂಪಿಗೆ ಹೋಗುತ್ತದೆ. ಗಾಳಿ ಎಳೆಯುವ ಪೈಪಿನಲ್ಲಿ ಇಲಿ ಗೂಡು ಕಟ್ಟಿರುತ್ತದೆ, ವಯರು ಕಡಿದಿರುತ್ತದೆ. ಟಯರು ನೋಡಲು ಗಟ್ಟಿ, ಒಳಗೆ ಬಿರುಕು. ಬ್ರೇಕಿನ ರಬ್ಬರ್ ಕಪ್ಪುಗಳು ಒಣಗಿ ಹೋಗಿರುತ್ತವೆ. ಆದ್ದರಿಂದ ತಿಳಿದವರು ಲಾರಿ ಓಡುವ ಮೊದಲು ಅದು ನಿಲ್ಲುವಂತೆ ಮಾಡುತ್ತಾರೆ. ಬ್ರೇಕು ಸರಿಯಾಗದೆ ಚಕ್ರ ಉರುಳಕೂಡದು.

ಇನ್ನೊಂದು ಎಚ್ಚರವಿದೆ. ಡೀಸೆಲ್ ಪಂಪಿನ ಒಳಭಾಗ ಅಂಟಿಕೊಂಡು ಪೂರ್ತಿ ತೆರೆದ ಸ್ಥಿತಿಯಲ್ಲೇ ನಿಂತಿದ್ದರೆ, ಸ್ಟಾರ್ಟ್ ಆದ ಇಂಜಿನ್ ಯಾರ ಹಿಡಿತಕ್ಕೂ ಸಿಗದೆ ವೇಗ ಏರಿಸಿಕೊಂಡು ತನ್ನನ್ನೇ ಒಡೆದುಕೊಳ್ಳಬಹುದು. ಅದಕ್ಕಾಗಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿಯ ಬಾಯಿ ಮುಚ್ಚಲು ಹಲಗೆ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ.

ಬಹುಕಾಲ ನಿಂತುಹೋದದ್ದು ಯಾವುದೇ ಆಗಲಿ, ಮಾತು ಬಿಟ್ಟ ನೆಂಟಸ್ತಿಕೆಯೇ ಆಗಲಿ, ಬಲದಿಂದ ಏಳುವುದಿಲ್ಲ. ಹಳೆಯ ಕೊಳೆಯನ್ನು ತೊಳೆಯಬೇಕು, ನೆನೆಯಲು ಬಿಡಬೇಕು, ಪಕ್ಕದಲ್ಲಿ ಒಬ್ಬರು ಎಚ್ಚರವಾಗಿರಬೇಕು. ಇಷ್ಟು ನಿಮಗೆ ಈಗಾಗಲೇ ಹೊಳೆದಿರಬಹುದು.

ಅದೇ ಲಾರಿಯೇ?

ಇಷ್ಟೆಲ್ಲ ಬದಲಿಸಿದ ಮೇಲೆ ಎದ್ದು ನಿಂತದ್ದು ಅಪ್ಪನ ಲಾರಿಯೇ? ಈ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸಾಗಿದೆ. ವೀರ ಥೀಸಿಯಸ್‌ನ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರು, ಕೊಳೆತ ಹಲಗೆ ತೆಗೆದು ಹೊಸದನ್ನು ಕೂರಿಸುತ್ತಾ ಹೋದರು, ಇದು ಅದೇ ಹಡಗೋ ಅಲ್ಲವೋ ಎಂದು ಜ್ಞಾನಿಗಳು ವಾದಿಸಿದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. 1655ರಲ್ಲಿ ಥಾಮಸ್ ಹಾಬ್ಸ್ ಇನ್ನೂ ಒಂದು ಗಂಟು ಹಾಕಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನು ಒಬ್ಬ ಜೋಪಾನವಾಗಿ ಕೂಡಿಟ್ಟು, ಅವುಗಳಿಂದಲೇ ಹಡಗು ಕಟ್ಟಿದರೆ ನಿಜವಾದ ಹಡಗು ಯಾವುದು?

ನಮ್ಮ ಆರ್‌ಟಿಓ ಕಚೇರಿ ಈ ವಾದಕ್ಕೆ ತನ್ನದೇ ಉತ್ತರ ಇಟ್ಟುಕೊಂಡಿದೆ. ಆರ್‌ಸಿಯಲ್ಲಿ ಛಾಸಿ ಸಂಖ್ಯೆ ಇದೆ, ಇಂಜಿನ್ ಸಂಖ್ಯೆ ಇದೆ. ಅನುಮತಿ ಪಡೆದು ಇಂಜಿನ್ ಬದಲಿಸಿದರೆ ಹೊಸ ಸಂಖ್ಯೆ ಬರೆದುಕೊಳ್ಳುತ್ತಾರೆ, ವಾಹನ ಅದೇ ಆಗಿ ಉಳಿಯುತ್ತದೆ. ಐವತ್ತು ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರದ ನಿಯಮ ಬಂತು. ಅದರಲ್ಲಿ ಛಾಸಿ, ಬಾಡಿ, ಇಂಜಿನ್ನು ಮೂಲರೂಪದಲ್ಲೇ ಇರಬೇಕೆಂಬ ಷರತ್ತಿದೆ. ಆದರೆ ಆ ಗೌರವ ಬೈಕಿಗೂ ಕಾರಿಗೂ ಮಾತ್ರ. ಹೊರೆ ಹೊತ್ತ ಲಾರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಜಗತ್ತಿನ ರೀತಿಯೇ ಹಾಗೆ. ಸವಾರಿ ಮಾಡಿದ್ದಕ್ಕೆ ನೆನಪು ಸಿಗುತ್ತದೆ, ಹೊತ್ತದ್ದಕ್ಕೆ ಸಿಗುವುದಿಲ್ಲ.

ಗುರುಮಠದಲ್ಲಿ ನಾವು ಓದಿದ ಅರಿಸ್ಟಾಟಲ್ ಇನ್ನೊಂದು ದಾರಿ ತೋರಿಸುತ್ತಾನೆ. ವಸ್ತು ಏನೆಂದು ತಿಳಿಯಲು ಅದು ಯಾವುದರಿಂದ ಆಗಿದೆ ಎಂದು ಕೇಳಿದರೆ ಸಾಲದು, ಯಾವುದಕ್ಕಾಗಿ ಇದೆ ಎಂದೂ ಕೇಳಬೇಕು. ಲಾರಿ ಇರುವುದು ಹೊರಲು. ಬಣ್ಣ ಬಳಿದು, ನಕ್ಷತ್ರ ಉಜ್ಜಿ ಹೊಳೆಸಿ, ಗೇಟಿನ ಬಳಿ ನಿಲ್ಲಿಸಿದರೆ ಅದು ಲಾರಿಯ ಪಟವಾದೀತು. ಸೌದೆಯನ್ನೋ ಗೊಬ್ಬರವನ್ನೋ ಹೊತ್ತು ನಡೆದರೆ, ಅರ್ಧ ಭಾಗಗಳು ಹೊಸವಾದರೂ, ಅದು ಹೆಚ್ಚು ಅದೇ ಲಾರಿ ಎಂದು ನನಗನಿಸುತ್ತದೆ.

ಋಣ ಯಾರಿಗೆ?

ನನಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇನೆ. ತಂದೆ ತೀರಿಹೋಗಿ ವರ್ಷಗಳಾದವು. ಗಲ್ಫಿನಲ್ಲಿ ದುಡಿಯುವ ಹಿರಿಮಗನಿಗೆ ಅಪ್ಪನ ಲಾರಿಯನ್ನು ಎಷ್ಟೇ ಖರ್ಚಾದರೂ ಎಬ್ಬಿಸಬೇಕೆಂಬ ಆಸೆ. ತಾಯಿಯ ಬಳಿ ಉಳಿದ ಕಿರಿಮಗನಿಗೆ ಅದು ಹಾವು ಸೇರುವ ಕಬ್ಬಿಣದ ರಾಶಿ. ಮಾರಿದರೆ ಜಾಗವಾದರೂ ಸಿಗುತ್ತದೆ. ಒಬ್ಬನಿಗೆ ತಮ್ಮ ಕೃತಘ್ನ, ಇನ್ನೊಬ್ಬನಿಗೆ ಅಣ್ಣ ದೂರದಿಂದ ಪ್ರೀತಿ ತೋರಿಸುವವನು. ಮನೆ ಭೇಟಿಗೆ ಹೋದಾಗ ತಾಯಿಯನ್ನು ಕೇಳಿದೆ, ‘ನೀವೇನು ಹೇಳ್ತೀರಮ್ಮ?’ ಆಕೆ ಹೇಳಿದರು: ‘ತಿರುವಿನಲ್ಲಿ ಅವರ ಹಾರ್ನು ಕೇಳಿದರೆ ಅನ್ನಕ್ಕೆ ನೀರಿಡ್ತಿದ್ದೆ ಸ್ವಾಮಿ. ಈಗ ಲಾರಿ ಎದ್ದರೂ ಅವರು ಬರೋದಿಲ್ಲವಲ್ಲ. ಇವರಿಬ್ಬರು ಒಟ್ಟಿಗೆ ಕೂತು ಊಟ ಮಾಡಿದರೆ ಸಾಕು.’ ಅದುವರೆಗೆ ಇಬ್ಬರಲ್ಲಿ ಒಬ್ಬನೂ ಆಕೆಯನ್ನು ಕೇಳಿರಲಿಲ್ಲ.

ತಂದೆತಾಯಿಗೆ ನಾವು ಸಲ್ಲಿಸಬೇಕಾದ ಗೌರವವನ್ನು ಸಂತ ತೋಮಸ್ ಅಕ್ವಿನಾಸರು ಒಂದು ಪ್ರತ್ಯೇಕ ಸದ್ಗುಣವೆಂದೇ ಎಣಿಸುತ್ತಾರೆ. ಆ ಋಣವನ್ನು ಸರಿಸಮನಾಗಿ ತೀರಿಸಲು ಯಾರಿಗೂ ಸಾಧ್ಯವಿಲ್ಲ. ತೀರಿಸಲಾಗದ ಋಣ ಮನಸ್ಸನ್ನು ಚುಚ್ಚುತ್ತದೆ, ಆದ್ದರಿಂದ ಅದನ್ನು ತೀರಿಸಬಹುದಾದ ಯಾವುದಾದರೂ ವಸ್ತುವಿನ ಮೇಲೆ ಹೊರಿಸಿಬಿಡುತ್ತೇವೆ. ಕಬ್ಬಿಣಕ್ಕೆ ಬೆಲೆ ಕಟ್ಟಬಹುದು, ಬಿಲ್ಲು ಪಾವತಿಸಬಹುದು. ಆದರೆ ಋಣ ಇರುವುದು ಮನುಷ್ಯರಿಗೆ. ಹೊಸ ವಾಹನವನ್ನು ಆಶೀರ್ವದಿಸುವಾಗಲೂ ಧರ್ಮಸಭೆ ಪ್ರಾರ್ಥಿಸುವುದು ಅದರಲ್ಲಿ ಪಯಣಿಸುವವರಿಗಾಗಿ.

ಹಾಗಾದರೆ ಗುಜರಿಯೇ ಸರಿಯೇ? ಅದನ್ನೂ ನಾನು ಹೇಳುತ್ತಿಲ್ಲ. ಮುರಿದದ್ದನ್ನೆಲ್ಲ ಎಸೆದು ಹೊಸದು ಕೊಳ್ಳುವ ಈ ಕಾಲದಲ್ಲಿ, ತಂದೆ ಬಿಗಿದ ನಟ್ಟನ್ನು ಮಗ ಬಿಚ್ಚಿ ಎಣ್ಣೆ ಹಾಕುವುದು ಸಣ್ಣ ಶಿಕ್ಷಣವಲ್ಲ. ಆದರೆ ಗುಜರಿ ಎಂದರೆ ದ್ರೋಹವೂ ಅಲ್ಲ. ಕಬ್ಬಿಣ ಕರಗಿ ಮತ್ತೆ ಕಬ್ಬಿಣವಾಗುತ್ತದೆ, ಇನ್ನೊಂದು ಮನೆಯ ತೊಲೆಯಾಗಬಹುದು. ಅರವತ್ತರ ದಶಕದ ಇಂಜಿನ್ನು ಉಗುಳುವ ಹೊಗೆಯನ್ನು ನೆರೆಮನೆಯ ಮಗು ಕುಡಿಯುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಓದುಗರೇ, ನಿಮ್ಮ ಹಿತ್ತಲಲ್ಲಿ ಲಾರಿಯೋ, ಟ್ರ್ಯಾಕ್ಟರೋ, ತಾಯಿಯ ಹೊಲಿಗೆ ಯಂತ್ರವೋ ನಿಂತಿದ್ದರೆ, ಹಣ ಎಣಿಸುವ ಮೊದಲು ಮೂರು ಮಾತು ಕೇಳಿಕೊಳ್ಳಿ. ಎದ್ದ ಮೇಲೆ ಇದು ಯಾರ ಹೊರೆ ಹೊರುತ್ತದೆ? ಇದಕ್ಕೆ ಸುರಿಯುವ ಹಣ ಯಾರ ಔಷಧದ್ದು, ಯಾರ ಫೀಸಿನದ್ದು? ಈ ಕೆಲಸ ಮನೆಯವರನ್ನು ಒಂದೇ ಕಡೆ ಕೂರಿಸುತ್ತದೆಯೇ, ಇಲ್ಲ ಎರಡು ಕಡೆ ನಿಲ್ಲಿಸುತ್ತದೆಯೇ? ಮೂರಕ್ಕೂ ನೆಮ್ಮದಿಯ ಉತ್ತರ ಸಿಕ್ಕರೆ ಸ್ಪ್ಯಾನರ್ ಹಿಡಿಯಿರಿ, ಅವಸರ ಮಾಡಬೇಡಿ. ಸಿಗದಿದ್ದರೆ ಕೃತಜ್ಞತೆಯಿಂದ ಬೀಳ್ಕೊಡಿ. ಅದರ ಕಥೆಯನ್ನು ಮಾತ್ರ ಮಕ್ಕಳಿಗೆ ಹೇಳದೆ ಬಿಡಬೇಡಿ.