ಯಾವ ಬಾವಿಯ ಜೀವ ಯಾವ ಬಾವಿಗೆ

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರ ನಡುವೆ ಒಂದು ನಿಯಮ ಚಾಲ್ತಿಯಲ್ಲಿದೆ. ಕರೆಯದೆ ಬಂದ ಏಡಿಯ ಇಕ್ಕಳದ ತುದಿ ಕಪ್ಪಗಿದ್ದು, ಕಾಲಿನ ಮೇಲೆ ಕೂದಲಿದ್ದರೆ ಮುಗಿಸಿಬಿಡಿ. ಹೇಗೆ ಮುಗಿಸುವುದು ಎಂಬುದಕ್ಕೂ ಸಲಹೆಗಳು ತಯಾರಾಗಿರುತ್ತವೆ. ಬಿಲದೊಳಕ್ಕೆ ಸಿರಿಂಜಿನಿಂದ ಸೋಡಾ ಬಿಡುವುದು ಅವುಗಳಲ್ಲಿ ಸಭ್ಯವಾದದ್ದು. ನಾನು ಕಾರ್ಕಳದ ಜೈನ, ಸ್ಯಾನ್ ಡಿಯಾಗೋದ ಮನೆಯಲ್ಲಿ ಹವಳದ ತೊಟ್ಟಿ ಇಟ್ಟುಕೊಂಡವನು. ಈ ಎರಡು ಸಂಗತಿ ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂದು ಅಮ್ಮ ಆಗಾಗ ಕೇಳುವುದುಂಟು. ನಮ್ಮ ಅಡುಗೆಮನೆಗೆ ಈರುಳ್ಳಿ ಬರುವುದಿಲ್ಲ, ಫ್ರೀಜರಿನಲ್ಲಿ ಮಾತ್ರ ಮೀನುಗಳಿಗೆಂದು ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯ ಪೊಟ್ಟಣವಿದೆ!

ಏಡಿ ಬಂದದ್ದು ಫ್ಲೋರಿಡಾದಿಂದ ತರಿಸಿದ ಜೀವಂತ ಕಲ್ಲಿನ ಜೊತೆ. ಅಲ್ಲಿ ಸಮುದ್ರದ ತಳದಿಂದ ನೈಸರ್ಗಿಕ ಬಂಡೆ ಕಿತ್ತು ಮಾರುವುದನ್ನು 1997ರ ಹೊತ್ತಿಗೆ ಪೂರ್ತಿ ನಿಲ್ಲಿಸಿದರು. ಈಗ ಗಣಿಯ ಸುಣ್ಣದಕಲ್ಲನ್ನು ಗುತ್ತಿಗೆ ಪಡೆದ ಜಾಗದಲ್ಲಿ ನೀರಿಗಿಳಿಸಿ, ವರ್ಷಗಟ್ಟಲೆ ಬಿಟ್ಟು, ಮೇಲೆತ್ತಿ ಮಾರುತ್ತಾರೆ. ಅಷ್ಟರಲ್ಲಿ ಅದರ ಮೇಲೆ ಸ್ಪಂಜು, ಪಾಚಿ, ಕೊಳವೆಹುಳು, ಚಿಪ್ಪುಜೀವಿಗಳೆಲ್ಲ ನೆಲೆಸಿರುತ್ತವೆ. ನಾವು ದುಡ್ಡು ಕೊಡುವುದು ಇವುಗಳಿಗೇ. ಏಡಿಯೂ ಇವುಗಳಲ್ಲಿ ಒಂದು. ದುಡ್ಡು ಕೊಟ್ಟು ತರಿಸಿ ಆಮೇಲೆ ಅದನ್ನು ನುಸುಳಿ ಬಂದದ್ದು ಎನ್ನುವುದು ಎಂಥ ನ್ಯಾಯವೋ ಗೊತ್ತಿಲ್ಲ.

ರಾತ್ರಿ ಕೆಂಪು ಬೆಳಕು ಹಾಕಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಎರಡು ಕಾಲು ಕಾಣುತ್ತಿದ್ದವು, ಅಷ್ಟೇ. ಗುರುತು ಸಿಕ್ಕಿದ್ದು ಅದು ಪೊರೆ ಕಳಚಿದಾಗ. ಒಂದು ಬೆಳಗ್ಗೆ ಮುಂದಿನ ಗಾಜಿನ ಹತ್ತಿರ ಇಡೀ ಏಡಿಯೇ ಸತ್ತು ಬಿದ್ದಂತೆ ಕಂಡಿತು. ಎತ್ತಿ ಬಿಳಿ ತಟ್ಟೆಯಲ್ಲಿಟ್ಟರೆ ಒಳಗೆ ಪೊಳ್ಳು. ಬೆನ್ನ ಚಿಪ್ಪಿನ ಹಿಂದುಗಡೆ ಬಿರುಕು. ಏಡಿ ಆ ದಾರಿಯಿಂದಲೇ ಹಿಂದಕ್ಕೆ ಜಾರಿ ಹೊರಬರುವುದು. ಕಣ್ಣಿನ ತೊಟ್ಟಿನ ಮೇಲಿನ ಪೊರೆ ಕೂಡ ಹಾಗೇ ಇತ್ತು. ಭೂತಗನ್ನಡಿ ಹಿಡಿದು ಕುಳಿತೆ. ನಡೆಯುವ ಕಾಲು ನಾಲ್ಕು ಜೊತೆ ಇದ್ದದ್ದರಿಂದ ಬೀಸಣಿಗೆ ಬೀಸಿ ನೀರಿನ ಕಣ ಸೋಸಿ ತಿನ್ನುವ ಪಿಂಗಾಣಿ ಏಡಿಯಲ್ಲ, ಅದಕ್ಕೆ ಕಾಣುವುದು ಮೂರೇ ಜೊತೆ. ಇಕ್ಕಳದ ಬೆರಳುಗಳ ತುದಿ ಚೂಪು. ಪಾಚಿ ಮೇಯುವ ಹಸಿರು ಮಿಥ್ರಾಕ್ಯುಲಸ್ ಏಡಿಗಾದರೆ ಆ ತುದಿ ಚಮಚದ ಹಾಗೆ ಗುಳಿಬಿದ್ದಿರುತ್ತದೆ. ಎರಡು ಇಕ್ಕಳಗಳಲ್ಲಿ ಒಂದು ದಪ್ಪ, ಇನ್ನೊಂದು ಸಣ್ಣ, ಬೆರಳುಗಳು ಕಡು ಕಂದು. ಚಿಪ್ಪಿನ ಮುಂಬದಿಯ ಅಂಚಿನಲ್ಲಿ ಮುಳ್ಳು, ಕಾಲಿನ ತುಂಬ ಕೂದಲು, ಕೂದಲಿಗೆ ಅಂಟಿದ ಮಣ್ಣು. ಪಿಲುಮ್ನಸ್ ಎಂಬ ಕೂದಲೇಡಿಯ ಕುಲ. ಯಾವ ಪ್ರಭೇದ ಎಂದು ಹೇಳಬೇಕಾದರೆ ಪರಿಣತರು ಗಂಡಿನ ಹೊಟ್ಟೆಯಡಿಯ ಸಣ್ಣ ಸಂತಾನಾಂಗವನ್ನು ಪರೀಕ್ಷಿಸುತ್ತಾರೆ. ನನಗೆ ಕುಲ ತಿಳಿದರೆ ಸಾಕಿತ್ತು. ಸಿಕ್ಕಿದ್ದನ್ನು ತಿನ್ನುವ ಪ್ರಾಣಿ, ಬಸವನಹುಳುವಿಗೂ ಮೆತ್ತನೆಯ ಹವಳಕ್ಕೂ ಅಪಾಯ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವೆಂಬ ಜೈನ ಗ್ರಂಥದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗೂ ಮೊದಲು ಬರುವುದು ಪ್ರಮಾದ, ಎಂದರೆ ಎಚ್ಚರಗೇಡಿತನ. ಇಕ್ಕಳದ ಬಣ್ಣ ನೋಡಿ ಸೋಡಾ ಬಿಡುವುದು ಪ್ರಮಾದವಲ್ಲದೆ ಮತ್ತೇನು? ಏಡಿ ಎಂದ ಮಾತ್ರಕ್ಕೆ ಹವಳದ ಶತ್ರುವಲ್ಲ. 1970ರ ದಶಕದಲ್ಲಿ ಜೀವವಿಜ್ಞಾನಿ ಪೀಟರ್ ಗ್ಲಿನ್ ಪನಾಮಾದಲ್ಲಿ ಕಂಡದ್ದು, ಟ್ರಪೀಜಿಯಾ ಎಂಬ ಪುಟ್ಟ ಏಡಿಗಳು ತಾವಿರುವ ಹವಳವನ್ನು ತಿನ್ನಲು ಬಂದ ಮುಳ್ಳಿನ ನಕ್ಷತ್ರಮೀನನ್ನು ಚಿವುಟಿ ಓಡಿಸುವುದನ್ನು. 1999ರಲ್ಲಿ ಸ್ಟಾಕೊವಿಚ್ ಮತ್ತು ಹೇ ಎಂಬ ಸಂಶೋಧಕರು, ಅಮೆರಿಕದ ಪೂರ್ವ ಕರಾವಳಿಯ ಒಂದು ಹವಳ ತನ್ನ ಮೇಲೆ ಕವಿಯುವ ಪಾಚಿಯಿಂದ ಉಳಿಯುವುದು ಅದರಲ್ಲೇ ಮನೆಮಾಡಿದ ಮಿಥ್ರಾಕ್ಸ್ ಏಡಿ ಆ ಪಾಚಿಯನ್ನು ಮೇಯುವುದರಿಂದ ಎಂದು ತೋರಿಸಿಕೊಟ್ಟರು. ಹಾಗಾಗಿ ಗುರುತು ಹಿಡಿಯುವುದು ನನಗೆ ಅಹಿಂಸಾವ್ರತದ ಮೊದಲ ಮೆಟ್ಟಿಲೇ.

ಆದರೆ ಕಷ್ಟ ಶುರುವಾಗುವುದು ಗುರುತು ಹಿಡಿದ ಮೇಲೆ. ಇದು ಹವಳ ತಿನ್ನಬಹುದಾದ ಏಡಿಯೇ ಹೌದು ಎಂದಾಯಿತು, ಈಗ? ಬಸದಿಯಲ್ಲಿ ಸಿಗುವ ಗೆಳೆಯರೊಬ್ಬರು ವಾದಿಸಿದರು: ಶ್ರಾವಕನಿಗೆ, ಎಂದರೆ ಗೃಹಸ್ಥ ಜೈನನಿಗೆ, ಹೇಳಿದ ಹಿಂಸೆ ನಾಲ್ಕು ಬಗೆ, ಬೇಕೆಂದೇ ಮಾಡುವ ಸಂಕಲ್ಪೀ, ಮನೆಗೆಲಸದಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ಮತ್ತೆ ವಿರೋಧೀ. ಮನೆಯವರನ್ನು ಕಾಯಲು ಮಾಡುವುದು ವಿರೋಧೀ, ಗೃಹಸ್ಥನಿಗೆ ಅದರಲ್ಲಿ ವಿನಾಯಿತಿಯಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಮೇಲೆ ಬಿದ್ದು ಬಂದವರು ಯಾರು? ಏಡಿ ತನ್ನ ಕಲ್ಲಿನ ಸಂದಿ ಬಿಟ್ಟು ಕದಲಿದ್ದೇ ಇಲ್ಲ, ಕಲ್ಲನ್ನೇ ಎತ್ತಿಕೊಂಡು ಬಂದವನು ನಾನು. ನನ್ನ ತೊಟ್ಟಿ ಹೊಟ್ಟೆಪಾಡಲ್ಲ, ಬೇಸಾಯವಲ್ಲ, ಚಂದಕ್ಕೆ ಇಟ್ಟದ್ದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಕಾರಣವಿಲ್ಲದೆ ನೆಲ ಅಗೆಯುವುದನ್ನೂ ನೀರು ಕಲಕುವುದನ್ನೂ ಅನರ್ಥದಂಡದಲ್ಲಿ, ಎಂದರೆ ವ್ಯರ್ಥ ಹಿಂಸೆಯಲ್ಲಿ, ಸೇರಿಸುತ್ತದೆ. ಆ ಪಟ್ಟಿ ಓದಿದರೆ ನನ್ನ ಹವ್ಯಾಸದ ಕೆಲಸಗಳನ್ನೇ ಓದಿದಂತಾಗುತ್ತದೆ. ಇನ್ನು ಏಡಿಗೆ ನೋವು ತಿಳಿಯುತ್ತದೆಯೇ ಎಂಬ ಪ್ರಶ್ನೆಯ ಹಿಂದೆ ಈಗ ಅಡಗಿಕೊಳ್ಳುವಂತಿಲ್ಲ. ಬ್ರಿಟನ್ 2022ರಲ್ಲಿ ಏಡಿ, ಸೀಗಡಿಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಕಾನೂನಿನಲ್ಲೇ ಸೇರಿಸಿತು.

ಅಮ್ಮನದು ನೇರ ಪರಿಹಾರ. “ಸಮುದ್ರ ಅಲ್ಲೇ ಉಂಟಲ್ಲ ಮಾರಾಯ, ಬಿಟ್ಟು ಬಾ. ಅದಕ್ಕೆ ಇಷ್ಟು ಆಲೋಚನೆಯಾ?”

ಅಭಯದಾನ ಕೇಳಲು ಚೆನ್ನ. ಆದರೆ ಇಲ್ಲಿಂದ ಉತ್ತರಕ್ಕಿರುವ ಕಾರ್ಲ್ಸ್‌ಬಾಡಿನ ಅಗುವಾ ಹೆಡಿಯೊಂಡಾ ಹಿನ್ನೀರಿನಲ್ಲಿ 2000ದಲ್ಲಿ ಕಾಲರ್ಪಾ ಪಾಚಿ ಹಬ್ಬಿದ್ದು ಕಂಡುಬಂತು. ಅದು ಅಕ್ವೇರಿಯಂಗಳಲ್ಲಿ ಬೆಳೆಸುವ ಪಾಚಿ. ಅದರ ಮೇಲೆ ಟಾರ್ಪಾಲು ಹೊದಿಸಿ, ಅಡಿಗೆ ಕ್ಲೋರಿನ್ ಬಿಟ್ಟು ಕೊಂದರು. ಟಾರ್ಪಾಲಿನಡಿ ಇದ್ದ ಬೇರೆ ಜೀವಗಳೂ ಹೋದವು. ಪೂರ್ತಿ ನಾಶವಾಯಿತು ಎಂದು ಘೋಷಿಸಲು 2006 ಆಗಬೇಕಾಯಿತು. ಅಟ್ಲಾಂಟಿಕ್ ಕಡೆಯ ಏಡಿಯನ್ನು ಪೆಸಿಫಿಕ್‌ಗೆ ಬಿಡುವುದು ದಯೆಯ ಹೆಸರಿನ ಪ್ರಮಾದ.

ಇದನ್ನೆಲ್ಲ ಅಮ್ಮನಿಗೆ ವಿವರಿಸುವ ಬದಲು ಅವರದೇ ಅಡುಗೆಮನೆಯ ಮಾತು ನೆನಪಿಸಿದೆ. ನಮ್ಮಲ್ಲಿ ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯನ್ನು ಎಲ್ಲೆಂದರಲ್ಲಿ ಹಿಂಡುವುದಿಲ್ಲ. ಬಟ್ಟೆಯನ್ನು ಮಗುಚಿ ಸೋಸಿದ ನೀರು ಹಾಯಿಸಿ, ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ. ಪಕ್ಕದ ಮನೆಯ ಬಾವಿಗೆ ಅಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದರ ಬಾವಿ ಫ್ಲೋರಿಡಾದಲ್ಲಿ” ಎಂದರು. ಕಲ್ಲು ಮಾರಿದವರು ಏಡಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂದಾಗ, “ತರಿಸುವ ಮೊದಲು ಕೇಳಬೇಕಿತ್ತು ಅದನ್ನು” ಎಂದರು. ಅದಕ್ಕೆ ನನ್ನಲ್ಲಿ ಜವಾಬಿಲ್ಲ.

ಗಾಜಿನ ಲೋಟದಲ್ಲಿ ಮೀನಿನ ಆಹಾರ ಹಾಕಿ ಕಲ್ಲಿಗೆ ಓರೆಯಾಗಿ ಆನಿಸಿಟ್ಟರೆ ಏಡಿ ಒಳಗಿಳಿಯುತ್ತದೆ, ನುಣುಪು ಗಾಜು ಹತ್ತಿ ಹೊರಬರಲಾಗುವುದಿಲ್ಲ. ಹಾಗೆ ಹಿಡಿದು ತೊಟ್ಟಿಯ ಕೆಳಗಿನ ಸಂಪಿನಲ್ಲಿ, ಒಂದು ಅಂಕಣದಲ್ಲಿ, ಅದರದೇ ಕಲ್ಲಿನ ತುಂಡಿನ ಜೊತೆ ಇಟ್ಟಿದ್ದೇನೆ. ಮೇಲಿನ ನೀರೇ ಅಲ್ಲಿಗೂ ಹರಿಯುತ್ತದೆ. ತತ್ತ್ವಾರ್ಥಸೂತ್ರ ಅಹಿಂಸಾಣುವ್ರತದ ಅತಿಚಾರಗಳನ್ನು, ಎಂದರೆ ಲೋಪಗಳನ್ನು, ಎಣಿಸುವಾಗ ಮೊದಲು ಹೇಳುವುದು ಬಂಧ (ಕಟ್ಟಿಹಾಕುವುದು), ಕೊನೆಯದು ಅನ್ನಪಾನನಿರೋಧ (ಅನ್ನ ನೀರು ತಡೆಯುವುದು). ಕೊನೆಯದನ್ನು ದಿನಾ ಸಂಜೆ ತಪ್ಪಿಸುತ್ತೇನೆ. ಮೊದಲನೆಯದು ತಪ್ಪಿಸಲಾಗದು, ಏಡಿಗೆ ಮಾತ್ರವಲ್ಲ, ಮೇಲೆ ಚಂದ ಕಾಣುವ ಮೀನುಗಳಿಗೂ ಅದೇ ಬಂಧ. ನನ್ನ ತೀರ್ಮಾನ ಇಷ್ಟು: ಈ ಪ್ರಕರಣದ ಹಿಂಸೆ ನಡೆದದ್ದು ಕಲ್ಲಿಗೆ ದುಡ್ಡು ಕಟ್ಟಿದ ದಿನ, ಏಡಿ ಅದರಲ್ಲಿ ಕಕ್ಷಿದಾರನೇ ಅಲ್ಲ. ಇನ್ನು ಮುಂದೆ ಸಮುದ್ರದ ಕಲ್ಲು ತರಿಸುವುದಿಲ್ಲ. ಇರುವವು ಇರುವಷ್ಟು ಕಾಲ ಅನ್ನ ಹಾಕುತ್ತೇನೆ.

ತೊಟ್ಟಿ ಇಟ್ಟುಕೊಂಡ ಕನ್ನಡಿಗರು ಈ ಕಡೆ ಹಲವರಿದ್ದೀರಿ. ಬೇಡವಾದ ಜೀವವನ್ನು ಅಂಗಡಿಯವರಿಗೆ ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಿ, ಸಮುದ್ರಕ್ಕೆ ಬಿಡಬೇಡಿ. ಬದಲಾಯಿಸಿದ ನೀರನ್ನೂ ರಸ್ತೆಯ ಅಂಚಿಗೆ ಚೆಲ್ಲಬೇಡಿ, ಮನೆಯ ಸಿಂಕಿಗೇ ಸುರಿಯಿರಿ. ಸ್ಯಾನ್ ಡಿಯಾಗೋದಲ್ಲಿ ರಸ್ತೆ ಬದಿಯ ಮಳೆನೀರಿನ ಚರಂಡಿ ಶುದ್ಧೀಕರಣವಿಲ್ಲದೆ ಸಮುದ್ರ ಸೇರುತ್ತದೆ.